ಯಂತ್ರ ನಿಂತಿದ್ದಾಗ ಸರಿದ ಮುಳ್ಳು

'ಪೀಠೋಪಕರಣ' ಎಂದು ಕೊರೆದ ಹಲಗೆಯಲ್ಲಿ ಠಕಾರದ ಹೊಟ್ಟೆಯೊಳಗಿನ ಚುಕ್ಕಿ ನಡುವೆ ಕೂರದೆ ಪಕ್ಕಕ್ಕೆ ಸರಿದಿತ್ತು. ಬಸವೇಶ್ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡಿದ. ಕೊನೆಯ ಕಡೆ ಬರುವ ರಕಾರದ ಸುತ್ತು ಹೊರಟಲ್ಲಿಗೇ ಬಂದು ಸೇರಿರಲಿಲ್ಲ. ಅಕ್ಕಿಕಾಳಿನಷ್ಟು ಆಚೆ ನಿಂತುಬಿಟ್ಟಿತ್ತು. ಇಂಗ್ಲಿಷ್ ಅಕ್ಷರವಾಗಿದ್ದರೆ ಹೇಗೋ ತೇಪೆ ಹಾಕಬಹುದಿತ್ತು. ಕನ್ನಡದ್ದು ದುಂಡು ಅಕ್ಷರ, ಸುತ್ತು ಕೂಡದಿದ್ದರೆ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ.

ಬಸವೇಶನ ಕಸುಬು ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್. ಮರ ಕೊರೆಯುವ ಈ ಸಿಎನ್‌ಸಿ ಯಂತ್ರ ಅವನ ಹವ್ಯಾಸ. ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಎರಡು ಮಳೆಗಾಲ ಕೂತು, ತಾನೇ ಜೋಡಿಸಿದ್ದ. ಕಂಪ್ಯೂಟರಿನಲ್ಲಿ ಬರೆದ ಅಕ್ಷರವನ್ನು ಅದು ಮೂರು ಮೋಟಾರುಗಳ ಸಹಾಯದಿಂದ ಮರದ ಮೇಲೆ ಕೊರೆಯುತ್ತಿತ್ತು: ಒಂದು ಮೋಟಾರು ಎಡಬಲಕ್ಕೆ, ಒಂದು ಹಿಂದೆ ಮುಂದೆ, ಇನ್ನೊಂದು ಮೇಲೆ ಕೆಳಗೆ. ಕೊಪ್ಪದಿಂದ ಬಾಳೆಹೊನ್ನೂರಿನ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ, ಗುಡ್ಡದ ಏರುಬದಿಯ ಧರೆ ಕಡಿದು ಕಟ್ಟಿದ ಮಳಿಗೆ ಸಾಲಿನಲ್ಲಿ ಅವನಿಗೊಂದು ಕೋಣೆಯಿತ್ತು. ಜಾಗ ಇಕ್ಕಟ್ಟು. ಹಾಗಾಗಿ ಯಂತ್ರದ ಮುಂದಿನ ಕಾಲುಗಳನ್ನು ನೆಲಕ್ಕೂ, ಹಿಂದಿನ ತುದಿಯನ್ನು ಕಬ್ಬಿಣದ ಆ್ಯಂಗಲ್ ಕೊಟ್ಟು ಹಿಂಗೋಡೆಗೂ ಬೋಲ್ಟ್ ಹಾಕಿ ಬಿಗಿದಿದ್ದ. ಪಕ್ಕದ ಕೋಣೆಯಲ್ಲಿ ಅವನ ಹೆಂಡತಿ ಶಿಲ್ಪಶ್ರೀ ಹೊಲಿಗೆ ತರಗತಿ ನಡೆಸುತ್ತಿದ್ದಳು. ನಡುವಿನ ಗೋಡೆ ತೆಳ್ಳಗಿದ್ದುದರಿಂದ ಅಲ್ಲಿನ ನಗು, ಹೊಲಿಗೆ ಮಿಷನ್ನಿನ ಸದ್ದು ಎಲ್ಲ ಕೇಳುತ್ತಿತ್ತು. ಸಾಲಿನ ಉಳಿದ ಮಳಿಗೆಗಳಿಗೆ ಇನ್ನೂ ಬಾಡಿಗೆಗೆ ಯಾರೂ ಬಾರದೆ ಶಟರು ಎಳೆದೇ ಇತ್ತು.

ಹಿಂದೆ ಮುಂದೆ ಚಲಿಸುವ ಅಕ್ಷ ಜಾರುತ್ತಿದೆ ಎನ್ನುವುದು ಮೊದಲ ನೋಟಕ್ಕೇ ಅವನಿಗೆ ತಿಳಿಯಿತು. ಯಾಕೆ ಎನ್ನುವುದು ತಿಳಿಯಲಿಲ್ಲ. ಮೋಟಾರಿನ ತುದಿಯ ಪುಲ್ಲಿಯ ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡಿದ, ಗಟ್ಟಿಯಾಗಿಯೇ ಇತ್ತು. ಬೆಲ್ಟನ್ನು ಬೆರಳಿನಿಂದ ಮೀಟಿ ನೋಡಿದ. ಮೋಟಾರನ್ನು ನಡೆಸುವ ಡ್ರೈವರ್ ಸರ್ಕ್ಯೂಟು ಬಿಸಿಯಾಗಿ ಕೈಕೊಡುತ್ತಿರಬಹುದೆಂದು ಅದಕ್ಕೊಂದು ಫ್ಯಾನ್ ಇಟ್ಟ. ಕೊರೆಯುವ ಮೋಟಾರಿನ ವೈರಿನಿಂದ ಸಿಗ್ನಲ್ ಕೆಡುತ್ತಿರಬಹುದೆಂದು ಎರಡೂ ವೈರುಗಳನ್ನು ದೂರ ದೂರ ಕಟ್ಟಿದ. ವೇಗ ತಗ್ಗಿಸಿದ. ಕಡೆಗೆ ಡಯಲ್ ಗೇಜ್ ತಂದು ನಿಲ್ಲಿಸಿದ. ಅದು ಗಡಿಯಾರದಂಥ ಮುಖವಿರುವ ಸಣ್ಣ ಅಳತೆ ಸಾಧನ. ತುದಿಗೆ ತಾಗಿದ ವಸ್ತು ಕೂದಲೆಳೆಯಷ್ಟು ಸರಿದರೂ ಮುಳ್ಳು ತಿರುಗಿ ತೋರಿಸುತ್ತದೆ. ಯಂತ್ರದ ಕೊರೆಯುವ ತಲೆಯನ್ನು ಮೇಜಿನ ನಡುಭಾಗದಲ್ಲಿ ಎಷ್ಟು ಓಡಾಡಿಸಿದರೂ ಮುಳ್ಳು ಸೊನ್ನೆಗೇ ಮರಳಿತು. ಗೋಡೆಯ ಕಡೆಯ ಎಡಮೂಲೆಗೆ ಹೋಗಿ ಬಂದರೆ ಮಾತ್ರ ಸೊನ್ನೆ ತಪ್ಪುತ್ತಿತ್ತು.

ಅಂದರೆ ಆ ಮೂಲೆಯಲ್ಲಿ ತಲೆ ಓಡಾಡುವ ಕಂಬಿ ಬಿಗಿ ಹಿಡಿಯುತ್ತಿದೆ. ಟೇಪು ಹಿಡಿದು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳೆದ. ಎರಡು ಕರ್ಣಗಳೂ ಒಂದೇ ಇರಬೇಕಿತ್ತು, ಇರಲಿಲ್ಲ. ಚೌಕ ಸೊಟ್ಟಗಾಗಿತ್ತು.

ಕಾರಣ ಸಿಕ್ಕಿತೆಂದು ಅವನಿಗೆ ಎಂಥ ಸಮಾಧಾನವಾಯಿತೆಂದರೆ, ಒಬ್ಬನೇ ಕೂತು ನಕ್ಕುಬಿಟ್ಟ. ಬೋಲ್ಟುಗಳನ್ನೆಲ್ಲ ಸಡಿಲಿಸಿ, ಚೌಕ ಸರಿಮಾಡಿ, ಮತ್ತೆ ಬಿಗಿದ. ಸಂಜೆಯೊಳಗೆ ಒಂದು ಹಳೇ ಹಲಗೆಯ ಮೇಲೆ ಠಕಾರ ದುಂಡಗೆ, ಚುಕ್ಕಿ ನಟ್ಟನಡುವೆ ಬಂತು. ಹಲಗೆ ಬರೆಸಿದ್ದ ನರಸಿಂಹರಾಜಪುರದ ಅಂಗಡಿಯವರಿಗೆ ಫೋನು ಮಾಡಿ, ನಾಳೆಗೆ ಆಗುತ್ತದೆ ಎಂದೂ ಹೇಳಿದ.

ಮಾರನೆಯ ಬೆಳಿಗ್ಗೆ ಕೊರೆದ ಅಕ್ಷರ ಮತ್ತೆ ಕೆಟ್ಟಿತು. ಟೇಪು ಹಿಡಿದ. ಚೌಕ ಮತ್ತೆ ಸೊಟ್ಟ.

"ನಿನ್ನೆ ನಾನು ಹೋದಮೇಲೆ ಯಾರಾದ್ರೂ ನನ್ನ ಕೋಣೆಗೆ ಬಂದಿದ್ರನಾ?" ಎಂದು ಶಿಲ್ಪಶ್ರೀಯನ್ನು ಕೇಳಿದ.

"ಬೀಗದ ಕೈ ನಿಮ್ಮ ಹತ್ರನೇ ಉಂಟಲ್ಲ," ಎಂದಳು ಅವಳು, ಬಾಯಲ್ಲಿದ್ದ ಗುಂಡುಸೂಜಿ ತೆಗೆದು. "ಎಂತ ಕಳೆದುಹೋಯ್ತು?"

"ಎಂತದೂ ಇಲ್ಲ."

ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅದಕ್ಕೆ ಕಾರಣವಿತ್ತು. ಬಸವೇಶ್ ಹುಟ್ಟಾ ಅಂಜುಬುರುಕ. ಹಿಂದಿನ ವರ್ಷ ಬಾಳೆಹೊನ್ನೂರಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದವನು, ಗ್ಯಾಸು ಸೋರುತ್ತಿದೆ ಎಂದು ಕೂಗಿ, ಊಟಕ್ಕೆ ಕೂತಿದ್ದ ಇಡೀ ಪಂಕ್ತಿಯನ್ನು ಎಲೆಯ ಮುಂದಿನಿಂದ ಎಬ್ಬಿಸಿ ಅಂಗಳಕ್ಕೆ ಓಡಿಸಿದ್ದ. ಆಮೇಲೆ ನೋಡಿದರೆ ಅಡಿಗೆಯವರು ಕಳಲೆ ಎಂಬ ಎಳೆ ಬಿದಿರನ್ನು ನೆನೆಸಿದ ನಾರುವ ನೀರನ್ನು ಹಿತ್ತಿಲ ಬಾಗಿಲಲ್ಲಿ ಹಾಗೇ ಬಿಟ್ಟಿದ್ದರು. ಅಂದಿನಿಂದ ನೆಂಟರ ಬಾಯಲ್ಲಿ ಅವನು 'ಕಳಲೆ ಬಸವೇಶ'. ಶಿಲ್ಪಶ್ರೀ ಆ ದಿನ ಏನೂ ಅಂದಿರಲಿಲ್ಲ. ಬಸ್ಸಿನಲ್ಲಿ ಮನೆ ಸೇರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಜನರ ನಗೆಗಿಂತ ಅದೇ ಅವನನ್ನು ಹೆಚ್ಚು ಚುಚ್ಚಿತ್ತು.

ಆ ಸಂಜೆ ಯಂತ್ರದ ಚೌಕವನ್ನು ಮತ್ತೊಮ್ಮೆ ಸರಿಮಾಡಿದ. ಡಯಲ್ ಗೇಜನ್ನು ನೆಲದ ಮೇಲೆ ಭದ್ರವಾಗಿ ನಿಲ್ಲಿಸಿ, ಅದರ ತುದಿಯನ್ನು ಯಂತ್ರದ ಹಿಂದಿನ ಎಡಮೂಲೆಗೆ ತಾಗಿಸಿ, ಮುಳ್ಳನ್ನು ಸೊನ್ನೆಗೆ ತಂದ. ಮೇನ್ ಸ್ವಿಚ್ ಆರಿಸಿದ. ಬೀಗ ಹಾಕಿ, ಬಾಗಿಲ ಸಂದಿಗೆ ಒಂದು ನೂಲಿನೆಳೆ ಸಿಕ್ಕಿಸಿ ಮನೆಗೆ ಹೋದ.

ಬೆಳಿಗ್ಗೆ ಬಂದಾಗ ನೂಲು ಸಿಕ್ಕಿಸಿದಲ್ಲೇ ಇತ್ತು. ಸ್ವಿಚ್ ಆರಿಯೇ ಇತ್ತು. ಮುಳ್ಳು ಮಾತ್ರ ಅರ್ಧ ಸುತ್ತು ತಿರುಗಿ ನಿಂತಿತ್ತು.

ಬಸವೇಶ್ ಬಾಗಿಲಲ್ಲೇ ನಿಂತ. ಕರೆಂಟಿಲ್ಲದ ಯಂತ್ರ, ಯಾರೂ ಕಾಲಿಡದ ಕೋಣೆ. ಮೊದಲು ಅವನಿಗೆ ಅನಿಸಿದ್ದು, ತನ್ನ ತಲೆಯೇ ಕೆಡುತ್ತಿದೆ, ನಿನ್ನೆ ಸೊನ್ನೆಗೆ ತಂದದ್ದೇ ಸುಳ್ಳು ಎಂದು. ಫೋನು ತೆಗೆದು ಹಿಂದಿನ ಸಂಜೆ ಹಿಡಿದಿದ್ದ ಫೋಟೋ ನೋಡಿದ. ಅದರಲ್ಲಿ ಮುಳ್ಳು ಸೊನ್ನೆಯ ಮೇಲೇ ಇತ್ತು.

ಗೋಡೆಗೆ ಬಿಗಿದ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ನಟ್ಟು ಸುಲಭಕ್ಕೆ ಬರಲಿಲ್ಲ. ಮೈಭಾರ ಬಿಟ್ಟು ತಿರುಗಿಸಿದಾಗ ಠಣ್ ಎಂದು ಸಡಿಲಾಯಿತು. ಅಷ್ಟು ಹೊತ್ತೂ ಒತ್ತಡದಲ್ಲಿ ಸಿಕ್ಕಿಕೊಂಡಿದ್ದ ಚೌಕಟ್ಟು ಉಸಿರು ಬಿಟ್ಟಂತೆ ಈಚೆಗೆ ಜರುಗಿತು. ಅವನು ಯಂತ್ರವನ್ನು ಬಿಟ್ಟು ಗೋಡೆಯನ್ನು ನೋಡಿದ. ಸುಣ್ಣ ಬಳಿದ ಗೋಡೆ, ಮೊಣಕಾಲೆತ್ತರಕ್ಕೆ ಸ್ವಲ್ಪ ತೇವ. ಬಿರುಕು ಕಾಣಲಿಲ್ಲ. ಗೇಜಿನ ತುದಿಯನ್ನು ಈಗ ನೇರವಾಗಿ ಗೋಡೆಗೇ ತಾಗಿಸಿ, ಸೊನ್ನೆಗೆ ತಂದು, ಸ್ಟೂಲು ಎಳೆದುಕೊಂಡು ಎದುರಿಗೆ ಕೂತ.

ಹೊರಗೆ ಒಳ್ಳೆಯ ಬಿಸಿಲು. ಒಂದೇ ಸಮ ಹೊಯ್ದ ಮಳೆ ನಿಂತು ಮೂರ್ನಾಲ್ಕು ದಿನವಾಗಿತ್ತು. ಪಕ್ಕದ ಕೋಣೆಗೆ ಹೆಂಗಸರು ಬರತೊಡಗಿದ್ದರು, ಚಪ್ಪಲಿ ಬಿಡುವ ಸದ್ದು ಕೇಳಿತು. ಯಾರೋ ರವಿಕೆಯ ಕುತ್ತಿಗೆ ಕೆಡಿಸಿಕೊಂಡ ಕತೆ ಹೇಳಿ ನಗಿಸುತ್ತಿದ್ದರು. ಬಸವೇಶ್ ಮುಳ್ಳನ್ನೇ ನೋಡುತ್ತಿದ್ದ. ಅದು ಅಲುಗಲಿಲ್ಲ. ಕಣ್ಣು ಮುಚ್ಚಿ ತೆರೆದ. ಸೊನ್ನೆಯ ಗೆರೆ ಮುಳ್ಳಿನ ಹಿಂದೆ ಅಡಗಿತ್ತಲ್ಲ, ಈಗ ಅದರ ಅಂಚು ಕಾಣುತ್ತಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಪೂರ್ತಿ ಗೆರೆ ಕಂಡಿತು. ಆಮೇಲೆ ಗೆರೆಗೂ ಮುಳ್ಳಿಗೂ ನಡುವೆ ಬಿಳಿ ಜಾಗ ಕಂಡಿತು.

ಗೋಡೆ ಅವನ ಕಡೆಗೆ ಬರುತ್ತಿತ್ತು.

ಅವನು ಸ್ಟೂಲಿನಿಂದ ಹೇಗೆ ಎದ್ದನೋ ಅವನಿಗೇ ಗೊತ್ತಿಲ್ಲ. ಗೋಡೆಯ ಹಿಂದೆ ಇರುವುದು ಧರೆ, ಧರೆಯ ಮೇಲೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಮಳಿಗೆಯ ಯಜಮಾನ ಕಲ್ಲೇಶಪ್ಪನ ಮನೆ. ಕಲ್ಲೇಶಪ್ಪ ಶಿಲ್ಪಶ್ರೀಗೆ ಸೋದರಮಾವ. ಜೆಸಿಬಿ ತರಿಸಿ ಗುಡ್ಡವನ್ನು ನೆಟ್ಟಗೆ ಕಡಿಸಿ ಈ ಸಾಲು ಕಟ್ಟಿಸಿದವನು ಅವನೇ. ಪಕ್ಕದ ಕೋಣೆಗೆ ನುಗ್ಗಿ ಎಲ್ಲರೂ ಹೊರಗೆ ನಡೆಯಿರಿ ಎಂದು ಕೂಗಬೇಕೆಂದು ಬಸವೇಶನ ಬಾಯಿ ತೆರೆದೂ ಆಗಿತ್ತು. ಆದರೆ ಬಾಳೆಹೊನ್ನೂರಿನ ಪಂಕ್ತಿ ಕಣ್ಣ ಮುಂದೆ ಬಂತು, ಬಸ್ಸಿನ ಕಿಟಕಿ ಬಂತು. ಒಂದು ಸಲ ಮೇಲೆ ಹೋಗಿ ಗುಡ್ಡ ನೋಡಿ ಬಂದುಬಿಡೋಣ, ಆಮೇಲೆ ಹೇಳೋಣ ಎಂದುಕೊಂಡು, ಮಳಿಗೆಯ ಪಕ್ಕದಿಂದ ಗುಡ್ಡಕ್ಕೆ ಏರುವ ಮೆಟ್ಟಿಲು ಹತ್ತತೊಡಗಿದ. ಅರ್ಧ ದಾರಿಯಲ್ಲಿ, ತಾನು ಮಾಡುತ್ತಿರುವುದು ತಪ್ಪು, ಮೊದಲು ಅವರನ್ನು ಹೊರಗೆ ಕಳಿಸಬೇಕಿತ್ತು ಎಂದು ಹೊಳೆಯಿತು. ಆದರೂ ಹತ್ತಿದ.

ಕಲ್ಲೇಶಪ್ಪ ಜಗಲಿಯಲ್ಲಿ ಕೂತು ಕಾಳುಮೆಣಸು ಹಸನು ಮಾಡುತ್ತಿದ್ದ. ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿತ್ತು.

"ಮಾವ, ಕೆಳಗಿನ ಗೋಡೆ ಸರಿತಾ ಉಂಟು."

"ಗೋಡೆ ಸರಿತದಾ?" ಕಲ್ಲೇಶಪ್ಪ ಮೊರದಿಂದ ತಲೆ ಎತ್ತಲಿಲ್ಲ. "ಅದನ್ನ ಹೇಳಕ್ಕೆ ಇಲ್ಲಿ ತನಕ ಹತ್ತಿ ಬಂದ್ಯಾ ಮಾರಾಯ. ಕೂತ್ಕ. ಕಾಫಿ ಕುಡಿ."

"ಗೇಜ್ ಇಟ್ಟು ನೋಡಿದೀನಿ. ಕಣ್ಣೆದುರಿಗೇ ಮುಳ್ಳು ಹೋಗ್ತದೆ."

"ಹೋದ ವರ್ಷ ಮೂಗಿಗೆ ಬಂದಿತ್ತು, ಈ ವರ್ಷ ಕಣ್ಣಿಗೆ ಬಂದದಾ?" ಎಂದು ಕಲ್ಲೇಶಪ್ಪ ನಕ್ಕ. "ಹೊಯ್ಯೋ ಮಳೇಲಿ ಬೀಳದಿದ್ದದ್ದು ಬಿಸಿಲಲ್ಲಿ ಬೀಳ್ತದನಾ? ಸುಮ್ನೆ ಹೋಗಿ ಕೆಲಸ ನೋಡು. ಹೆಂಗಸ್ರ ಹತ್ರ ಎಲ್ಲ ಹೇಳಕ್ಕೆ ಹೋಗಬೇಡ. ಮಳಿಗೆಗೆ ಕೆಟ್ಟ ಹೆಸರು."

ಅವನ ನಗು ಮುಖದಲ್ಲಿತ್ತು, ಕೈಯಲ್ಲಿರಲಿಲ್ಲ. ಮೊರದ ಅಂಚು ಹಿಡಿದ ಬೆರಳು ಬಿಳಿಚಿದ್ದವು. ಬಸವೇಶ್ ಅದನ್ನು ನೋಡಿದ. ಅಂಗಳ ದಾಟಿ, ಧರೆಯ ಅಂಚಿನ ಕಡೆ ನಡೆದ. "ಅಲ್ಲೆಂತ ಉಂಟು? ಈಚೆ ಬಾ," ಎಂದು ಕಲ್ಲೇಶಪ್ಪ ಹಿಂದಿನಿಂದ ಕರೆದ. ಅಂಗಳದ ಕೊನೆಯಲ್ಲಿ, ನೀರಿನ ಟ್ಯಾಂಕಿನ ಬುಡದಿಂದ ಹಿಡಿದು ಸಿಲ್ವರ್ ಓಕ್ ಮರದ ಆಚೆಗೂ, ಹೊಸ ಸಿಮೆಂಟು ಸವರಿದ ಒಂದು ಪಟ್ಟಿಯಿತ್ತು. ಅದು ಧರೆಯ ಅಂಚಿನುದ್ದಕ್ಕೂ ಬಾಗಿ ಹೋಗಿತ್ತು. ಆ ಸಿಮೆಂಟಿನ ನಡುವೆ ಮತ್ತೆ ಬಿರುಕು ಬಿಟ್ಟಿತ್ತು, ಕೈ ಒಳಗೆ ಹೋಗುವಷ್ಟು. ಬಿರುಕಿನ ಆಚೆಗಿನ ನೆಲ ಈಚೆಗಿನ ನೆಲಕ್ಕಿಂತ ತಗ್ಗಿಗೆ ಇಳಿದಿತ್ತು.

ಬಸವೇಶ್ ತಿರುಗಿ ನೋಡಿದ. ಕಲ್ಲೇಶಪ್ಪ ಅವನ ಹಿಂದೆಯೇ ಬಂದು ನಿಂತಿದ್ದ. ಬಿರುಕು ಇಷ್ಟು ಅಗಲವಾದದ್ದು ಅವನಿಗೂ ಗೊತ್ತಿರಲಿಲ್ಲವೆಂದು ತೋರುತ್ತಿತ್ತು. ಮುಖದ ಬಣ್ಣ ಹೋಗಿತ್ತು.

"ನಾನು ಮುಚ್ಚಿದ್ದೆ," ಎಂದ, ಮೆಲ್ಲಗೆ.

"ನಂಗೆ ಒಂದು ವಾರದಿಂದ ದೇವರ ಕೋಣೆ ಬಾಗಿಲು ಹಾಕಕ್ಕೆ ಆಗ್ತಿಲ್ಲ." ಹೇಳಿದವಳು ಗಂಗಾಂಬಿಕೆ, ಕಲ್ಲೇಶಪ್ಪನ ಹೆಂಡತಿ. ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದಿದ್ದಳು. "ಚೌಕಟ್ಟು ಉಬ್ಬಿದೆ ಅಂತ ಹೇಳಿದ್ರಿ ನನ್ ಹತ್ರ. ಇದನಾ ಉಬ್ಬಿದ್ದು?"

ಅವಳು ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಒಲೆ ಆರಿಸಿ, ಕೊಟ್ಟಿಗೆಗೆ ಹೋಗಿ ದನದ ಹಗ್ಗ ಬಿಚ್ಚಿದಳು. ಬಸವೇಶ್ ಆಗಲೇ ಮೆಟ್ಟಿಲ ಮೇಲೆ ಓಡುತ್ತಿದ್ದ.

ಹೊಲಿಗೆ ಕೋಣೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತ. ಹೆಂಗಸರು ಒಬ್ಬೊಬ್ಬರಾಗಿ ತಲೆ ಎತ್ತಿ ನೋಡಿದರು. "ಎಲ್ಲರೂ ಸ್ವಲ್ಪ ಹೊರಗೆ ಬನ್ನಿ," ಎಂದ. "ರಸ್ತೆ ಆಚೆ. ಈಗಲೇ."

"ಎಂತ ಬಸವೇಶಣ್ಣ, ಗ್ಯಾಸಾ?" ಎಂದಳು ಕಾವ್ಯ ಎಂಬ ಹುಡುಗಿ. ಅವಳ ಮದುವೆ ಹತ್ತಿರದಲ್ಲಿತ್ತು. ತನ್ನ ಮದುವೆಯ ರವಿಕೆ ತಾನೇ ಹೊಲಿಯಬೇಕೆಂದು ಬರುತ್ತಿದ್ದಳು. ಎಲ್ಲರೂ ಗೊಳ್ಳೆಂದು ನಕ್ಕರು.

ಶಿಲ್ಪಶ್ರೀ ನಗಲಿಲ್ಲ. ಗಂಡನ ಮುಖ ನೋಡಿದಳು, ಅವನ ಪ್ಯಾಂಟಿಗೆ ಮೆತ್ತಿದ ಕೆಂಪು ಮಣ್ಣು ನೋಡಿದಳು. ಏನು, ಯಾಕೆ ಎಂದು ಒಂದು ಮಾತೂ ಕೇಳದೆ ಹೊಲಿಗೆ ಮಿಷನ್ನಿನ ಸ್ವಿಚ್ ಆರಿಸಿದಳು.

"ಏಳಿ. ಕತ್ತರಿ, ಬಟ್ಟೆ ಎಲ್ಲ ಹಂಗೇ ಬಿಡಿ."

ರಸ್ತೆಯ ಆಚೆ, ತಂಗುದಾಣದ ನೆರಳಲ್ಲಿ, ಎಲ್ಲರೂ ಸಾಲಾಗಿ ನಿಂತರು. ಬಸವೇಶ್ ಗುಡ್ಡ ತೋರಿಸಿ ಹೇಳಿದ. ಗುಡ್ಡ ಹಸಿರಾಗಿ, ಬಿಸಿಲಿನಲ್ಲಿ ಚೆಂದವಾಗಿ ಕಾಣುತ್ತಿತ್ತು. ಮೇಲಿನ ಅಂಗಳದ ಹಗ್ಗದಲ್ಲಿ ಬಟ್ಟೆ ಒಣಗುತ್ತಿದ್ದವು. ಕಲ್ಲೇಶಪ್ಪ ಮತ್ತು ಗಂಗಾಂಬಿಕೆ ಎರಡು ದನ ಹೊಡೆದುಕೊಂಡು ಆಚೆ ಇಳಿಜಾರಿನಿಂದ ಸುತ್ತಿ ಬಂದು ರಸ್ತೆ ಸೇರಿದರು. ಬಸವೇಶ್ ಬರುವ ಬಸ್ಸು, ಜೀಪುಗಳಿಗೆ ಕೈ ಅಡ್ಡ ಹಿಡಿದು ದೂರದಲ್ಲೇ ನಿಲ್ಲಿಸಿದ. ಡ್ರೈವರುಗಳು ಹಾರ್ನ್ ಹೊಡೆದರು, ಇಳಿದು ಬಂದು ಗುಡ್ಡ ನೋಡಿದರು, ಬೀಡಿ ಹಚ್ಚಿದರು.

ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ನಿಂತಿದ್ದ ಜೀಪಿನವನೊಬ್ಬ, "ಎಷ್ಟೊತ್ತು ಮಾರಾಯ್ರೇ, ನಮ್ಗೆ ಶೃಂಗೇರಿಗೆ ಹೋಗ್ಬೇಕು," ಎಂದ. ಬಸವೇಶನಿಗೆ ಆಗ ಆದ ಹೆದರಿಕೆ ಬೇರೆಯೇ ತರದ್ದು. ಗುಡ್ಡ ಬೀಳುತ್ತದೆಂಬ ಹೆದರಿಕೆಯ ಪಕ್ಕದಲ್ಲೇ, ಬೀಳದೆ ಹೋದರೆ ಎಂಬ ಹೆದರಿಕೆ ಎದ್ದು ಕೂತಿತ್ತು. ಬೀಳಲಿ ಎಂದು ಒಂದು ಕ್ಷಣ ಮನಸ್ಸಿಗೆ ಬಂದೇಬಿಟ್ಟಿತು. ಹಾಗೆ ಬಯಸಿದ್ದಕ್ಕೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಅದೇ ಯೋಚನೆಯಲ್ಲಿದ್ದಾಗ ಕಾವ್ಯ ರಸ್ತೆ ದಾಟಿದ್ದು ಅವನ ಗಮನಕ್ಕೆ ಬರಲಿಲ್ಲ. "ರವಿಕೆ ಒಂದು ತಗೊಂಡು ಬತ್ತೆ," ಎಂದು ಯಾರಿಗೋ ಹೇಳಿ ಹೋಗಿದ್ದಳು. ಶಿಲ್ಪಶ್ರೀ ಕೂಗಿದಾಗ ಹುಡುಗಿಯ ಜಡೆ ಬಾಗಿಲೊಳಗೆ ಮರೆಯಾಗುತ್ತಿತ್ತು.

ಬಸವೇಶನ ಕಾಲು ಕಿತ್ತು ಬರಲಿಲ್ಲ. ನೆಲಕ್ಕೆ ಬೋಲ್ಟ್ ಹಾಕಿದ ಹಾಗೆ ನಿಂತಿದ್ದ. ಹೆಂಡತಿ ಓಡಲು ಸೀರೆ ಎತ್ತಿ ಕಟ್ಟಿದ್ದು ಕಂಡಮೇಲೆ ಮಾತ್ರ ಹೇಗೋ ಅವಳನ್ನು ಪಕ್ಕಕ್ಕೆ ತಳ್ಳಿ ಓಡಿದ. ಕಾವ್ಯ ಕೋಣೆಯ ಒಳಗೆ ಕಪಾಟಿನ ಬಾಗಿಲು ಎಳೆಯುತ್ತಿದ್ದಳು, ಅದು ತೆರೆಯುತ್ತಿರಲಿಲ್ಲ. ಹಿಂಗೋಡೆಯ ಸುಣ್ಣ ಸಿಪ್ಪೆಸಿಪ್ಪೆಯಾಗಿ ಉದುರುತ್ತಿತ್ತು. ಕಾಲ ಕೆಳಗೆ ನೆಲದ ಸಿಮೆಂಟು ಚಿಟ್ ಎಂದಿತು, ಸ್ವಲ್ಪ ಬಿಟ್ಟು ಇನ್ನೊಮ್ಮೆ ಚಿಟ್ ಎಂದಿತು. ಹುಡುಗಿಯೂ ಅದನ್ನು ಕೇಳಿಸಿಕೊಂಡಳು. ಕಪಾಟು ಬಿಟ್ಟು ಅವನನ್ನೇ ನೋಡಿದಳು, ಆದರೆ ಹೆಜ್ಜೆ ಕಿತ್ತಿಡಲಿಲ್ಲ. ಅವನು ಅವಳ ರಟ್ಟೆ ಹಿಡಿದು ದರದರನೆ ಎಳೆದ. ಹೊಸ್ತಿಲಲ್ಲಿ ಎಡವಿ ಇಬ್ಬರೂ ಚರಂಡಿಯ ಕಲ್ಲಿನ ಮೇಲೆ ಬಿದ್ದರು. ಎದ್ದರು. ರಸ್ತೆಯ ನಡುವಿಗೆ ಬಂದಿದ್ದರೋ ಇಲ್ಲವೋ, ಹಿಂದೆ ಗೋಣಿ ಹರಿದಂಥ ಸದ್ದಾಯಿತು.

ಧರೆಯ ಮೇಲಿದ್ದ ಸಿಲ್ವರ್ ಮರ ಉರುಳಲಿಲ್ಲ. ನಿಂತಂತೆಯೇ, ಮನುಷ್ಯರು ಮೆಟ್ಟಿಲು ಇಳಿಯುವ ಹಾಗೆ, ನೆಟ್ಟಗೆ ಕೆಳಕ್ಕೆ ಇಳಿದುಬಂತು. ಅದರ ಜೊತೆ ಟ್ಯಾಂಕು, ಅಂಗಳ, ಬಟ್ಟೆ ಹಗ್ಗ, ಅರ್ಧ ಕೊಟ್ಟಿಗೆ ಎಲ್ಲ ಇಳಿದವು. ಮಳಿಗೆಯ ಮುಂದಿನ ಶಟರುಗಳು ಒಳಗಿನಿಂದ ಉಬ್ಬಿ ಕಿತ್ತುಬಂದವು, ಕೆಂಪು ಮಣ್ಣು ರಸ್ತೆಯ ನಡುಗೆರೆಯವರೆಗೆ ಹರಿದು ಬಂದು ನಿಂತಿತು. ಆಮೇಲೆ ಸಣ್ಣ ಕಲ್ಲುಗಳು ಒಂದರ ಹಿಂದೆ ಒಂದು ಉರುಳುವ ಸದ್ದು ಮಾತ್ರ. ಕಾವ್ಯ ಶಿಲ್ಪಶ್ರೀಯನ್ನು ತಬ್ಬಿಕೊಂಡು ಹಲ್ಲು ಕಟಕಟಿಸುತ್ತಿದ್ದಳು. ಶೃಂಗೇರಿಗೆ ಹೋಗಬೇಕಿದ್ದ ಜೀಪಿನವನು ರಸ್ತೆಯಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಿದ್ದ.

ಕಲ್ಲೇಶಪ್ಪ ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಸವೇಶನ ಹತ್ತಿರ ಬಂದ. ಏನೋ ಹೇಳಲು ನೋಡಿದ. ಗಂಗಾಂಬಿಕೆ ದನದ ಹಗ್ಗವನ್ನು ಅವನ ಕೈಗೆ ಕೊಟ್ಟು, "ಈಗ ಬೇಡ, ಹಿಡ್ಕಳಿ ಇದನ್ನ," ಎಂದಳು.

ಯಾರಿಗೂ ಜೀವಕ್ಕೆ ಏನೂ ಆಗಲಿಲ್ಲ. ಯಂತ್ರದಲ್ಲಿ ಉಳಿದದ್ದು ಸೊಟ್ಟಾದ ಒಂದು ಕಂಬಿ. ಕಲ್ಲೇಶಪ್ಪ ದಂಪತಿ ಕೊಪ್ಪದ ಪೇಟೆಯೊಳಗೆ ಬಾಡಿಗೆ ಮನೆ ಹಿಡಿದರು. ಹೊಲಿಗೆ ತರಗತಿ ಸಮುದಾಯ ಭವನದ ಜಗಲಿಗೆ ಹೋಯಿತು. ಬಸವೇಶ್ ಮೋಟಾರು ಸುತ್ತುವ ಕೆಲಸವನ್ನು ಮನೆಯಲ್ಲೇ ಇಟ್ಟುಕೊಂಡ. ಆದರೆ ಗೋಡೆಗೆ ಒರಗಿ ಕೂರುವುದು ಅವನಿಂದ ಆಗುತ್ತಿರಲಿಲ್ಲ. ಊಟಕ್ಕೂ ಕೋಣೆಯ ನಡುವೆಯೇ ಕೂರುತ್ತಿದ್ದ. ಶಿಲ್ಪಶ್ರೀ ತಟ್ಟೆಯನ್ನು ಅಲ್ಲಿಗೇ ತಂದಿಡುತ್ತಿದ್ದಳು, ತಾನೂ ಅಲ್ಲೇ ಕೂರುತ್ತಿದ್ದಳು.

ಅವನಿಗೆ ಹೊಸ ಹೆದರಿಕೆ ಹತ್ತಿದ್ದು ಆಮೇಲೆ. ಜನ ಹುಡುಕಿಕೊಂಡು ಬರತೊಡಗಿದರು. ನಮ್ಮ ಮನೆ ಹಿಂದಿನ ಧರೆ ಒಂದು ಸಲ ನೋಡಿ ಹೋಗಿ ಎನ್ನುವವರು, ಹಿತ್ತಿಲಲ್ಲಿ ಬಿರುಕು ಬಂದಿದೆ, ಇರಬಹುದಾ ಎಂದು ಫೋಟೋ ಕಳಿಸುವವರು. ತನಗೆ ಗುಡ್ಡದ ವಿಚಾರ ಏನೂ ಗೊತ್ತಿಲ್ಲ, ಹಾಳಾದ ಅಕ್ಷರ ಸರಿಮಾಡಲು ಹೋಗಿ ಕಂಡದ್ದು ಅಷ್ಟೇ ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ.

ದೀಪಾವಳಿಯ ಹೊತ್ತಿಗೆ ಮೆಣಸೆಯಿಂದ ಗುಡ್ಡಮ್ಮ ಎಂಬ ಹೆಂಗಸು ಬಂದಳು. ಇಲ್ಲ ಎನ್ನಲಾಗದೆ ಅವಳ ಜೊತೆ ಹೋದ. ಚಿಕ್ಕ ಮನೆ, ಹಿಂಬದಿಗೆ ಆಳೆತ್ತರದ ಧರೆ, ಅದಕ್ಕೆ ತಾಗಿದ ಕೋಣೆಯಲ್ಲಿ ಎರಡು ಹಾಸಿಗೆ ಸುತ್ತಿಟ್ಟಿತ್ತು. ಬಸವೇಶ್ ಗೋಡೆಗೆ ಅಂಗೈ ಇಟ್ಟ. ತಣ್ಣಗಿತ್ತು. ಅಷ್ಟೇ. ತಟ್ಟಿದ, ಬಗ್ಗಿ ಬುಡ ನೋಡಿದ, ಹೊರಗೆ ಹೋಗಿ ಧರೆಯ ಮೇಲೆ ಹತ್ತಿ ಇಳಿದ. ಬಿರುಕು ಕಾಣಲಿಲ್ಲ. ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ ಎನ್ನುವುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗುಡ್ಡಮ್ಮ ಬಾಗಿಲಲ್ಲಿ ನಿಂತು ಅವನ ಬಾಯನ್ನೇ ನೋಡುತ್ತಿದ್ದಳು. ಒಂದು ಕಾಲದಲ್ಲಿ ತನ್ನ ಮಾತು ಯಾರೂ ನಂಬುವುದಿಲ್ಲವಲ್ಲ ಎಂದು ಅಂಜುತ್ತಿದ್ದವನು, ಈ ಹೆಂಗಸು ನಂಬಿಬಿಡುತ್ತಾಳಲ್ಲ ಎಂದು ಬೆವರಿದ.

"ನಂಗೆ ಗೊತ್ತಾಗದಿಲ್ಲ ಅಮ್ಮ," ಎಂದ ಕೊನೆಗೆ. "ಇಂಜಿನಿಯರಿಗೆ ತೋರಿಸಿ. ನಾನೂ ಪಂಚಾಯ್ತಿಗೆ ಬತ್ತೆ ನಿಮ್ ಜೊತೆ."

"ನೀವಾದ್ರೆ ಇಲ್ಲಿ ಮಲಗ್ತೀರಾ?"

ಅವನು ಗೋಡೆಯನ್ನು ಇನ್ನೊಮ್ಮೆ ನೋಡಿದ.

"ಇಲ್ಲ," ಎಂದ.

ಗುಡ್ಡಮ್ಮ ತಲೆಯಾಡಿಸಿ, ಒಂದು ಹಾಸಿಗೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು. ಬಸವೇಶ್ ಇನ್ನೊಂದನ್ನು ಎತ್ತಿಕೊಂಡು ಅವಳ ಹಿಂದೆ ರಸ್ತೆಯ ಕಡೆಯ ಜಗಲಿಗೆ ನಡೆದ.